ಊದಿದ್ದನ್ನ ಎಲ್ಲಿ ಇಟ್ರಿ?

ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳಿ ಬರೆದುಕೊಂಡು ಹೋಗುವ ಸಂಶೋಧಕರನ್ನು ನೀವೂ ನೋಡಿರುತ್ತೀರಿ. ಬರುತ್ತಾರೆ, ಕೇಳುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಹೋಗುತ್ತಾರೆ. ಬರೆದುಕೊಂಡದ್ದು ಆಮೇಲೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಸಿಕಂದರಾಬಾದಿನ ಹತ್ತಿರದ ಉಪ್ಪಲ್‌ನಲ್ಲಿ ಒಬ್ಬ ಹೆಂಗಸು ಕೇಳಿದಳು. ಆಕೆ ಕೇಳಿದಾಗ ನಮ್ಮ ಮುಖ ನೋಡಬೇಕಿತ್ತು!

ನಾನು ಕಮಲಾಕ್ಷಿ, ಸಿಂಧನೂರು ಕಡೆಯವಳು. ಸಿಕಂದರಾಬಾದಿನ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಮೊದಲು ಪುಸ್ತಕ ಕಾಯುತ್ತಿದ್ದೆ, ಈಗ ಮಾಹಿತಿ ಕಾಯುತ್ತೇನೆ. ಅಂದರೆ ಸಂಶೋಧಕರು ಅಳೆದದ್ದು, ಎಣಿಸಿದ್ದು, ಜನರನ್ನು ಕೇಳಿ ಬರೆದದ್ದು ಎಲ್ಲವನ್ನೂ ಕಂಪ್ಯೂಟರಿನ ಭಂಡಾರದಲ್ಲಿ ಜೋಪಾನ ಮಾಡುವ ಕೆಲಸ. ಕಾಯಲು ನಾನು ತಯಾರು, ತಂದುಕೊಡುವವರೇ ಇಲ್ಲ. ಕರೆದು ಕರೆದು ಗಂಟಲು ಬಿದ್ದುಹೋಗಿದೆ.

ನಮ್ಮಲ್ಲಿ ಲಹರಿ ಎಂಬ ಹುಡುಗಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವರಪ್ಪ ನಮ್ಮ ಕಡೆಯವರೇ, ಇಲ್ಲಿನ ರಕ್ಷಣಾ ಕಾರ್ಖಾನೆಯ ನೌಕರರು. ಗ್ರಾನೈಟ್ ಕಲ್ಲು ಕೊಯ್ಯುವ ಕೂಲಿಗಳ ಉಸಿರಾಟದ ಬಗ್ಗೆ ಅವಳ ಅಧ್ಯಯನ. ಒಂದು ಕೊಳವೆಗೆ ಜೋರಾಗಿ ಊದಿಸಿದರೆ ಎದೆಯಲ್ಲಿ ಎಷ್ಟು ದಮ್ಮಿದೆ ಎಂದು ಯಂತ್ರ ಲೀಟರಿನಲ್ಲಿ ತೋರಿಸುತ್ತದೆ. ಆ ಕೂಲಿಗಳಲ್ಲಿ ಹೆಚ್ಚಿನವರು ನಮ್ಮ ರಾಯಚೂರು, ಯಾದಗಿರಿ ಕಡೆಯವರು. ಮಾತಿಗೆ ಜೊತೆಯಾಗಲಿ ಎಂದು ಒಂದು ರವಿವಾರ ನನ್ನನ್ನೂ ಉಪ್ಪಲ್‌ಗೆ ಕರೆದುಕೊಂಡು ಹೋದಳು.

ತಗಡಿನ ಶೆಡ್ಡಿನ ಮುಂದೆ ಗದಿಗೆಮ್ಮ ಬಟ್ಟೆ ಒಗೆಯುತ್ತಿದ್ದಳು. ದೇವದುರ್ಗದ ಕಡೆಯ ಹೆಂಗಸು. ಗಂಡ ಹುಲಗೇಶ ಕಲ್ಲು ಕೊಯ್ಯುವ ಮಿಷನ್ನಿನ ಮೇಲೆ, ಆಕೆ ಅಲ್ಲೇ ಪಾಲಿಶ್ ಕೆಲಸಕ್ಕೆ. ಲಹರಿ ಕೊಳವೆ ಹೊರಗೆ ತೆಗೆದದ್ದೇ ತಡ, ಆಕೆ ಕೈ ಕೊಡವಿ ಎದ್ದು ನಿಂತಳು.

"ಮತ್ತ ಊದೂದೇನ? ನಾ ಊದಂಗಿಲ್ಲ. ನಮ್ಮನಿಯವರನ್ನೂ ಊದಗೊಡಂಗಿಲ್ಲ."

"ನಿಮ್ಮ ಒಳ್ಳೇದಕ್ಕ ರೀ," ಅಂದಳು ಲಹರಿ.

"ಹೋದ ಸಲ ಬಂದಾವನೂ ಹಿಂಗ ಅಂದಿದ್ದ ತಂಗಿ. ನಾಕು ವರ್ಷ ಆತು. ಇದ ಕೊಳವಿ, ಇದ ಮಾತು. ಜೋರಲೆ ಊದ್ರಿ, ಇನ್ನಾ ಜೋರಲೆ ಊದ್ರಿ ಅಂತ. ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ಬಂದ್ವು. ಅವತ್ತ ಊದಿದ್ದನ್ನ ಎಲ್ಲಿ ಇಟ್ರಿ? ಅದನ್ನ ಹೇಳ್ರಿ ಮೊದಲ."

ಲಹರಿ ಕೊಳವೆಯನ್ನು ತಿರುಗಿ ಚೀಲಕ್ಕೆ ಹಾಕಿದಳು.

ಆಕೆ ಸುಮ್ಮನೆ ಜಗಳಕ್ಕೆ ಕೇಳಿದ್ದಲ್ಲ. ಶೆಡ್ಡಿನ ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

"ಕೇಳ್ರಿ ಅಕ್ಕಾರ, ಹೆಂಗ ಕೆಮ್ಮಾಕತ್ತಾರ. ದವಾಖಾನಿ ಡಾಕ್ಟರು ಧೂಳಿನ ಕೆಲಸಾ ಬಿಡು ಅಂತ ಕಡ್ಡಿ ಮುರಿದಂಗ ಹೇಳ್ಯಾರ. ಇವರು ಕೇಳವಲ್ರು. ನನ್ನ ಎದಿ ಮೊದಲಿಂದ ಹಿಂಗ ಐತಿ ಅಂತಾರ. ಇಲ್ಲಿಗೆ ಬಂದಾಗ ಇದ ಮನಷ್ಯಾ ಎರಡು ಕೊಡ ಹೊತ್ತು ಮೂರು ಮಾಳಿಗಿ ಹತ್ತತಿದ್ದ್ರು. ಹಳೇದು ಸಿಕ್ಕರ, ಆಗ ಇಷ್ಟಿತ್ತು, ಈಗ ಇಷ್ಟೈತಿ ಅಂತ ಮುಖದ ಮುಂದ ಹಿಡೀಬಹುದು ಅಂತ ಡಾಕ್ಟರೂ ಅಂದ್ರು."

ಹುಲಗೇಶ ಬಾಗಿಲಿಗೆ ಬಂದ. "ಹುಟ್ಟಿದಾಗಿಂದ ನಂದು ಇಷ್ಟ ದಮ್ಮು ರೀ ಮೇಡಮ್ಮಾರ. ಆಕಿ ಸುಳ್ಳ ಹೆದರತಾಳ," ಅಂದ. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದ.

ಗದಿಗೆಮ್ಮ ಒಳಗೆ ಹೋಗಿ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಒಂದು ಚೀಟಿ ತಂದಳು. ಅದರ ಮೇಲೆ ನಮ್ಮ ಸಂಸ್ಥೆಯದೇ ಮುದ್ರೆ, ಕೆಳಗೆ ನಲವತ್ತೇಳು ಎಂಬ ಅಂಕಿ.

"ಕೌಶಲ್ ಅಂತ ಹುಡುಗ. ಹೆಸರು ಬರಕೊಳ್ಳೂದಿಲ್ಲ, ಇದು ನಿಮ್ಮನಿಯವರ ನಂಬರು, ಜ್ವಾಪಾನ ಇಡ್ರಿ ಅಂದಿದ್ದ. ನಾ ಇಟ್ಟೀನಿ. ನೀವು ಇಟ್ಟೀರೋ ಇಲ್ಲೋ?"

"ಇಟ್ಟಿರ್ತೀವಿ ರೀ. ಬರೂ ರವಿವಾರ ತಂದು ತೋರಿಸ್ತೀನಿ," ಎಂದು ಲಹರಿ ಮಾತು ಕೊಟ್ಟೇಬಿಟ್ಟಳು. ನಾನು ಮೊಣಕೈ ಚಿವುಟಿದೆ, ಆದರೆ ಮಾತು ಬಾಯಿ ದಾಟಿಯಾಗಿತ್ತು.

ನಮ್ಮಲ್ಲೇ ಸಂಶೋಧನೆ ಮಾಡಿ ಹೋದ ಕೌಶಲ್ ಈಗ ಇಲ್ಲೇ ಕೊಂಡಾಪುರದ ಒಂದು ಕಂಪನಿಯಲ್ಲಿದ್ದಾನೆ; ಅವನೂ ನಮ್ಮ ಕಡೆಯವನೇ. ಫೋನ್ ಮಾಡಿದ ಎರಡನೇ ದಿನವೇ ಪೆನ್‌ಡ್ರೈವ್ ಹಿಡಿದು ಗ್ರಂಥಾಲಯಕ್ಕೆ ಬಂದ. ಒಳ್ಳೆಯ ಹುಡುಗ. ಇಂಥ ಅನಾಹುತ ಮಾಡುವವರೆಲ್ಲ ಒಳ್ಳೆಯ ಹುಡುಗರೇ.

ಅದರಲ್ಲಿ ಮೂರು ಫೈಲುಗಳಿದ್ದವು. ಒಂದರ ಹೆಸರು 'ಫೈನಲ್', ಇನ್ನೊಂದು 'ಫೈನಲ್ ಹೊಸದು', ಮತ್ತೊಂದು 'ನಿಜವಾದ ಫೈನಲ್'. ಮೊದಲನೆಯದರಲ್ಲಿ ನಲವತ್ತೇಳನೇ ನಂಬರಿನ ಎದುರು 3.1 ಲೀಟರ್. ಎರಡನೆಯದರಲ್ಲಿ 2.2. ಮೂರನೆಯದರಲ್ಲಿ 2.7.

"ಇದರಾಗ ಹುಲಗೇಶಂದು ಯಾವುದಪ್ಪಾ?" ಅಂದೆ.

ಅವನು ಬೆವರಿದ. "ಕಡಿಮೆಯಿಂದ ಹೆಚ್ಚಿಗೆ ಜೋಡಿಸಾಕ ಹೋಗಿದ್ದೆ ಮೇಡಂ. ಊದಿದ ಅಂಕಿ ಅಷ್ಟೇ ಜೋಡಣೆ ಆದ್ವು, ಪಕ್ಕದ ನಂಬರು ಇದ್ದಲ್ಲೇ ಉಳದ್ವು. ಆಮ್ಯಾಲೆ ಮತ್ತ ಬ್ಯಾರೆ ಬ್ಯಾರೆ ರೀತಿ ಜೋಡಿಸೀನಿ, ಯಾವ ಫೈಲಿನಾಗ ಹಂಗಾತು ಅನ್ನೂದು ಈಗ ನೆನಪಿಲ್ಲ."

ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿಗಳನ್ನೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟ ಹಾಗೆ. ಸಾಲೇನೋ ಚೆಂದ, ಯಾರದು ಯಾವುದು ಗೊತ್ತಿಲ್ಲ.

"ಕೈಯಾಗ ಬರದ ಫಾರಂ ಇರಬೇಕಲ್ಲ?"

"ರೂಮ್ ಖಾಲಿ ಮಾಡುವಾಗ ರದ್ದಿಗೆ ಹೋದ್ವು. ಪ್ರಬಂಧ ಪ್ರಕಟ ಆಗಿತ್ತು ಮೇಡಂ. ಎಲ್ಲಾರದೂ ಸೇರಿಸಿ ಸರಾಸರಿ ಅದರಾಗ ಐತಿ. ಇನ್ನ ಯಾರು ಕೇಳ್ತಾರ ಅನ್ಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತು. "ಸರಾಸರಿಗೆ ಕೆಮ್ಮು ಬರೂದಿಲ್ಲೋ ಕೌಶಲ್. ಹುಲಗೇಶಗ ಬರತೈತಿ!"

ಲಹರಿ ಮೆಲ್ಲಗೆ ಅಂದಳು, "ಮೇಡಂ, 3.1 ಅಂತ ಹೇಳಿಬಿಡೂಣು. ಈಗಿಂದಕ್ಕೂ ಅದಕ್ಕೂ ಫರಕ್ ನೋಡಿ ಅವರು ಹೆದರಿ ಕೆಲಸಾ ಬಿಡ್ತಾರ. ಒಳ್ಳೇದ ಆಗತೈತಲ್ಲ?"

"ಸುಳ್ಳು ಅಂತ ಗೊತ್ತಾದ ದಿನ? ಆಮ್ಯಾಲೆ ನಮ್ಮ ಖರೇ ಮಾತನ್ನೂ ಯಾರು ನಂಬ್ತಾರ?" ಅಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಬಿಡಲಿಲ್ಲ. "ಅದಿರಲಿ, ನಿಂದು ಎಲ್ಲೈತಿ? ಇಲ್ಲೀತನಕ ತೊಂಬತ್ತು ಮಂದಿನ್ನ ಊದಿಸೀಯಲ್ಲ?"

"ಲ್ಯಾಪ್‌ಟಾಪಿನಾಗ."

"ಮತ್ತ?"

"ಅಷ್ಟ."

ನೋಡಿ ಹೇಗಿದೆ! ಕೌಶಲ್‌ನ ಗತಿ ಕಣ್ಣೆದುರಿಗೇ ಇದೆ, ಆದರೂ ಭಂಡಾರಕ್ಕೆ ಕೊಡು ಅಂದರೆ ಹುಡುಗಿ ಹಿಂದೆ ಮುಂದೆ ನೋಡಿದಳು. "ನನ್ನ ಪಿಎಚ್.ಡಿ. ಮುಗಿಯೂದರೊಳಗ ಬ್ಯಾರೆ ಯಾರರ ತಗೊಂಡು ಬರದುಬಿಟ್ಟರ ಮೇಡಂ?"

"ಬೀಗ ಹಾಕಿ ಕೊಡು. ಇಂಥಾ ತಾರೀಖಿನ ತನಕ ತೆಗೀಬ್ಯಾಡ್ರಿ ಅಂತ ನೀನ ಬರದು ಕೊಡು, ನಾವು ತೆಗೆಯೂದಿಲ್ಲ. ಆಮ್ಯಾಲೆ ಯಾರು ಬಳಸಿದ್ರೂ ಇದು ಲಹರಿ ಕೂಡಿಸಿದ ಮಾಹಿತಿ ಅಂತ ನಿನ್ನ ಹೆಸರು ಹಾಕಲೇಬೇಕು. ಲ್ಯಾಪ್‌ಟಾಪಿನಾಗ ಕೊಳೆತು ಹೋದರ ಯಾವ ಹೆಸರು ಬರತೈತಿ ನಿನಗ?"

ಅವಳಿಗೆ ನಗು ಬಂತು. ಆ ಸಂಜೆ ಮೂವರೂ ಕೂತೆವು. ಯಂತ್ರದಿಂದ ಬಂದ ಮೂಲ ಫೈಲನ್ನು ಯಾರೂ ಮುಟ್ಟದ ಹಾಗೆ ಬೇರೆ ಇಟ್ಟೆವು; ತಿದ್ದುವುದು, ಜೋಡಿಸುವುದು ಏನಿದ್ದರೂ ಅದರ ನಕಲಿನಲ್ಲಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ; ಮೂರನೆಯದಕ್ಕೆ ನಮ್ಮ ಭಂಡಾರದಲ್ಲಿ ಜಾಗ ಗೊತ್ತುಮಾಡಿದೆವು. ಯಾವ ಕಾಲಂ ಏನು, ಯಾವ ಯಂತ್ರ, ಯಾವ ತಿಂಗಳು ಎಂದು ಒಂದು ಪುಟದಲ್ಲಿ ಬರೆಸಿದೆ. ಲಹರಿ ಊರು ಬಿಟ್ಟು ಹೋದರೂ ಆ ಪುಟ ಓದಿ ಹೊಸಬರಿಗೆ ಅರ್ಥವಾಗಬೇಕು. ಕೌಶಲ್ ಊಟಕ್ಕೂ ಏಳದೆ ಕೂತು ಬರೆದ.

ಆದರೆ ಜನರ ಮಾಹಿತಿ ಜನರನ್ನು ಕೇಳದೆ ಭಂಡಾರಕ್ಕೆ ಹಾಕುವ ಹಾಗಿಲ್ಲ. ರವಿವಾರ ಮತ್ತೆ ಉಪ್ಪಲ್‌ಗೆ ಹೋದೆವು. ಲಹರಿ ಸುತ್ತಿ ಬಳಸಿ ಹೇಳಲಿಲ್ಲ. "ಹಳೇದು ಕಳದೈತ್ರಿ. ತಪ್ಪು ನಮ್ಮದು," ಅಂದಳು.

ಗದಿಗೆಮ್ಮ ಆ ಚೀಟಿಯನ್ನು ಮತ್ತೆ ತಂದು ನಮ್ಮ ಮುಂದೆ ಇಟ್ಟಳು. ಆಮೇಲೆ ಅಂದಳು, "ದಮ್ಮು ಕೊಟ್ಟಿದ್ವಲ್ಲರೀ. ಅದನ್ನ ಇಡಾಕ ಅಷ್ಟು ದೊಡ್ಡ ಆಫೀಸಿನಾಗ ಜಾಗಾ ಇರಲಿಲ್ಲೇನು?"

ಲಹರಿಯ ಕಣ್ಣು ತುಂಬಿದವು. ನನಗೂ ನಾಚಿಕೆಯಾಯಿತು.

"ಜಾಗಾ ಇತ್ತು ಗದಿಗೆಮ್ಮ, ತಂದು ಇಟ್ಟಿದ್ದಿಲ್ಲ," ಅಂದೆ. "ಊರಾಗ ಜ್ವಾಳ ಹಗೇವಿನಾಗ ಇಡತಿದ್ವಲ್ಲ? ನೆಲದಾಗ ಭದ್ರ ಇರತಿತ್ತು. ಬೇಕಾದಾಗ ಬಾಯಿ ತಗದು ತಗೀತಿದ್ವಿ. ಈಗ ನಿಮ್ಮದನ್ನ ಹಂಗ ಇಡತೀವಿ, ನೀವು ಹ್ಞೂಂ ಅಂದರ."

"ಹೆಸರು?"

"ಹೆಸರು ಇಲ್ಲ, ಊರೂ ಇಲ್ಲ. ನಂಬರು ಅಷ್ಟ. ಆ ನಂಬರು ಯಾರದು ಅನ್ನೂ ಪಟ್ಟಿ ಲಹರಿ ಹತ್ತಿರ ಬೀಗದಾಗ ಇರತೈತಿ, ಭಂಡಾರಕ್ಕ ಬರೂದಿಲ್ಲ."

"ಯಾರ ದಮ್ಮು ಕಡಿಮಿ ಐತಿ ಅಂತ ಗುತ್ತೇದಾರಗ ಗೊತ್ತಾದ್ರ ನಾಳೆನ ಗಂಟು ಕಟ್ಟಿಸ್ತಾನ್ರಿ."

"ಕೇಳಿದವರಿಗೆಲ್ಲಾ ಕೊಡೂದಿಲ್ಲ. ಯಾಕ ಬೇಕು ಅಂತ ಬರದು ಸಹಿ ಹಾಕಿದ ಸಂಶೋಧಕರಿಗೆ, ಡಾಕ್ಟರಿಗೆ ಅಷ್ಟ. ಗುತ್ತೇದಾರಗ ಇಲ್ಲ."

"ನಾಳೆ ಬ್ಯಾಡ ಅನಿಸಿದರ?"

"ಈ ಒಪ್ಪಿಗಿ ಕಾಗದದಾಗ ನಮ್ಮ ಫೋನ್ ನಂಬರು ಐತಿ. ಬ್ಯಾಡ ಅಂದರ ನಿಮ್ಮ ಸಾಲು ತಗೀತೀವಿ. ಆದರ ಅದಕ್ಕಿಂತ ಮೊದಲ ಯಾರರ ತಗೊಂಡು ಹೋಗಿದ್ದರ, ಅದನ್ನ ಹಿಂದಕ್ಕ ತರಾಕ ಬರೂದಿಲ್ಲ. ಅದನ್ನೂ ಈಗ ಹೇಳಿಬಿಡತೀನಿ."

ಆ ಕೊನೆಯ ಮಾತಿಗೆ ಆಕೆ ತಲೆಯಾಡಿಸಿದಳು. ಎಲ್ಲ ಸಲೀಸು ಎಂದಿದ್ದರೆ ನಂಬುತ್ತಿರಲಿಲ್ಲವೇನೋ. "ಕೊಡ್ರಿಲ್ಲೆ ಕೊಳವಿ," ಎಂದು ತಾನೇ ಮೊದಲು ಊದಿದಳು. ಹಿಂದೆಯೇ ಇಡೀ ಸಾಲಿನ ಶೆಡ್ಡುಗಳವರು ಬಂದರು. ಹುಲಗೇಶನನ್ನು ರಟ್ಟೆ ಹಿಡಿದು ತಂದು ಕೂರಿಸಿದಳು. 2.1 ಬಂತು.

"ಹೇಳಿದ್ನಲ್ಲ, ನಂದು ಮೊದಲಿಂದ ಇಷ್ಟ," ಅಂದ ಅವನು. ಇಲ್ಲ ಎನ್ನಲು ನಮ್ಮ ಹತ್ತಿರ ಏನಿತ್ತು? ಮರುದಿನ ಮತ್ತೆ ಮಿಷನ್ನಿಗೆ ಹೋದ.

ಎಂಟು ತಿಂಗಳಾದ ಮೇಲೆ ಲಹರಿ ಅದೇ ಯಂತ್ರ ಹಿಡಿದು ಮತ್ತೆ ಹೋದಳು. ಹುಲಗೇಶ ಮೂರು ಸಲ ಊದಿದ. ಮೂರರಲ್ಲಿ ಹೆಚ್ಚಿನದು 1.7. ಲಹರಿ ಮೊಬೈಲಿನಲ್ಲಿ ಭಂಡಾರ ತೆರೆದು, ಅವನ ನಂಬರಿನ ಸಾಲು ಹುಡುಕಿ, ಎಂಟು ತಿಂಗಳ ಹಿಂದಿನ 2.1 ಅನ್ನೂ ಈಗಿನ 1.7 ಅನ್ನೂ ಅವನ ಮುಂದೆ ಹಿಡಿದಳು. ಈ ಸಲ ಅವನು ಹುಟ್ಟಿದಾಗಿಂದ ಇಷ್ಟೇ ಎನ್ನಲಿಲ್ಲ.

"ಇಷ್ಟು ಫರಕ್ ಆತೇನ್ರಿ?" ಅಂದ.

ಆ ಎರಡು ಅಂಕಿ ಹಿಡಿದು ಗಂಡ ಹೆಂಡತಿ ದವಾಖಾನೆಗೆ ಹೋದರು. ಅದೇ ವಾರ ಅವನು ಮಿಷನ್ ಬಿಟ್ಟ. ಈಗ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸ. ಆದರೆ ಕಲ್ಲಿನ ಧೂಳು ತಿಂದ ದಮ್ಮು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ.

"ಆ ಹಳೇದು ಸಿಕ್ಕಿದ್ದರ ಅವತ್ತ ಬಿಡತಿದ್ದರಲ್ಲ ಅಕ್ಕಾರ?" ಎಂದು ಗದಿಗೆಮ್ಮ ಕೇಳಿದಳು. ಹೌದು ಅಂದೆ.

ಓದುತ್ತಿರುವ ಸಂಶೋಧಕ ತಮ್ಮಂದಿರೇ, ತಂಗಿಯರೇ, ನಿಮ್ಮ ಫೈಲಿನ ಒಂದೊಂದು ಸಾಲೂ ಒಬ್ಬೊಬ್ಬ ಮನುಷ್ಯ ಕೊಟ್ಟದ್ದು. ಇವತ್ತೇ ಅದರ ಪ್ರತಿ ಮಾಡಿ. ಯಾವ ಅಂಕಿ ಏನೆಂದು ಬರೆದಿಡಿ. ಜನರ ಒಪ್ಪಿಗೆ ಪಡೆದು, ಹೆಸರು ತೆಗೆದು, ನಿಮ್ಮ ಸಂಸ್ಥೆಯ ಭಂಡಾರಕ್ಕೆ ಕೊಡಿ. ಹೇಗೆ ಎಂದು ತಿಳಿಯದಿದ್ದರೆ ಗ್ರಂಥಾಲಯಕ್ಕೆ ಬನ್ನಿ. ಅಲ್ಲಿ ನನ್ನಂಥವರು ಒಬ್ಬರಾದರೂ ಇರುತ್ತಾರೆ. ಬೈಯಬಹುದು, ಆದರೆ ಕೂತು ಮಾಡಿಕೊಡುತ್ತಾರೆ. ಉತ್ತರ ಕೊಡುವ ಅಣ್ಣ ಅಕ್ಕಂದಿರೇ, ನೀವೂ ಗದಿಗೆಮ್ಮನ ಹಾಗೆ ಎಲ್ಲಿ ಇಟ್ಟಿರಿ ಎಂದು ಸಂಶೋಧಕರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು, ಹೇಳುವುದು ಅವರ ಕರ್ತವ್ಯ. ನಾವು ಕಾಗದ ರದ್ದಿಗೆ ಹಾಕಿದೆವು, ಹುಲಗೇಶ ಎಂಟು ತಿಂಗಳು ಹೆಚ್ಚಿಗೆ ಧೂಳು ಕುಡಿದ.