ಮೂರನೆಯ ಪ್ರಶ್ನೆ

"ಮನ್ಯಾಗ ಇರೋರು ನಾವೇನು ಕಳ್ಳರೇನು? ಪಾಸ್‌ವರ್ಡ್ ಹೇಳು," ಎಂದು ಶಿವಕಾಂತ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡ.

"ಹೇಳಂಗಿಲ್ರಿ ಭಾವಾರ," ಎಂದಳು ಉಮಾಶ್ರೀ.

ಆ ಕಂಪ್ಯೂಟರಿನೊಳಗೆ ಅವಳು ಮೂರು ವರ್ಷ ಕೂತು ಬಿಡಿಸಿದ ಸೀರೆಯಂಚಿನ ನಕ್ಷೆಗಳಿದ್ದವು. ಸೋಮವಾರ ಅವನ್ನು ಮಕ್ತಲ್‌ನ ನೇಕಾರ ಹೆಂಗಸರ ಸಂಘಕ್ಕೆ ತೋರಿಸಿದರೆ ಡಿಸೈನ್ ಕೆಲಸ ಅವಳದೇ. ಇದು ಗೊತ್ತಾದದ್ದೇ ತಡ, ಗಂಡನ ಅಣ್ಣ ಶಿವಕಾಂತ ಗದ್ವಾಲಕ್ಕೆ ಓಡಿ, ಆ ನಕ್ಷೆಗಳೆಲ್ಲ ತನ್ನವೆಂದು ಹೇಳಿ, ಅವನ್ನು ಮಾರುವುದಾಗಿ ವ್ಯಾಪಾರಿ ದೇವೇಂದ್ರಪ್ಪನಿಗೆ ಮಾತು ಕೊಟ್ಟು ನಾರಾಯಣಪೇಟೆಗೆ ಮರಳಿದ್ದ. ಒಂದು ಗೆರೆ ನೆಟ್ಟಗೆ ಎಳೆಯಲು ಬಾರದ ಮನುಷ್ಯ! ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅಂತ ಸುಮ್ಮನೆ ಹೇಳಿಲ್ಲ.

"ಈ ಮನಿ ಬೀಗದ ಕೈ ಎಲ್ಲಾ ನನ್ನ ಸೆರಗಿನಾಗ ಅದಾವು," ಎಂದಳು ಅತ್ತೆ ಚನ್ನವೀರಮ್ಮ. "ನಿನಗ್ಯಾಕ ಬೇಕಾಗಿತ್ತು ಬ್ಯಾರೆ ಬೀಗ?"

ಉಮಾಶ್ರೀ ಪಾಸ್‌ವರ್ಡನ್ನು ಎಲ್ಲೂ ಬರೆದಿರಲಿಲ್ಲ. ಕ್ಯಾಲೆಂಡರಿನ ಹಿಂದೆ ಇಲ್ಲ, ಫೋನಿನಲ್ಲೂ ಇಲ್ಲ. ಅತ್ತೆ ಬೈದಷ್ಟೂ ಅವಳಿಗೆ ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ಶಿವಕಾಂತ ಏನನ್ನೋ ಒತ್ತಿದ. ಪಾಸ್‌ವರ್ಡ್ ಮರೆತವರಿಗಾಗಿ ಇಟ್ಟ ಮೂರು ಪ್ರಶ್ನೆಗಳು ತೆರೆದುಕೊಂಡವು.

ಅಲ್ಲಿ ನಿಜ ಬರೆಯಬೇಡಿ, ನಿಮಗಷ್ಟೇ ಗೊತ್ತಿರುವ ಸುಳ್ಳು ಬರೆಯಿರಿ ಎಂದು ಮಕ್ತಲ್‌ನಲ್ಲಿ ಕಂಪ್ಯೂಟರ್ ಕಲಿಸಿದ ಮೇಡಂ ಹೇಳಿದ್ದರು. ಇವಳು ದೇವರ ಮುಂದೆ ಆಣೆ ಮಾಡಿದವಳ ಹಾಗೆ ಮೂರಕ್ಕೂ ನಿಜವನ್ನೇ ಬರೆದಿದ್ದಳು. ಬಾಗಿಲಿಗೆ ಗಟ್ಟಿ ಬೀಗ ಜಡಿದು ಕಿಟಕಿ ತೆರೆದಿಟ್ಟಂತಾಗಿತ್ತು. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದವರಿಗೆ ಅವು ಯಾವ ಮಹಾ ಪ್ರಶ್ನೆ?

ಅವಳು ಕಂಪ್ಯೂಟರಿನ ತಂತಿ ಕೀಳಲು ಬಾಗಿದಳು. ಚನ್ನವೀರಮ್ಮ ರಟ್ಟೆ ಹಿಡಿದು ಗೋಡೆಗೆ ನೂಕಿದಳು.

"ಹುಟ್ಟಿದ ಊರು. ದಾಮರಗಿದ್ದ," ಎಂದು ಶಿವಕಾಂತ ಒತ್ತಿದ. "ಮೊದಲ ಸಾಲಿ ಎಲ್ಲಿ?"

ಕಂಬಕ್ಕೆ ಒರಗಿ ನಿಂತಿದ್ದ ಗಂಡ ಮಲ್ಲೇಶ ನೆಲ ನೋಡುತ್ತ, "ಗುಂಡುಮಾಲ್. ಸೋದರಮಾವನ ಮನ್ಯಾಗ ಇದ್ದು ಓದ್ಯಾಳ," ಎಂದ.

ಉಮಾಶ್ರೀ ಗಂಡನನ್ನೇ ನೋಡಿದಳು. ಅತ್ತೆ ನೂಕಿದ್ದು ಅವಳಿಗೆ ಅಷ್ಟು ನೋಯಲಿಲ್ಲ.

"ಸಣ್ಣಾಕಿ ಇದ್ದಾಗ ಪ್ರೀತಿಲಿಂದ ಏನಂತ ಕರೀತಿದ್ರು?" ಶಿವಕಾಂತ ಕೊನೆಯದನ್ನು ಓದಿದ. ತಾಯಿಯ ಕಡೆ ನೋಡಿದ. ತಾಯಿ ಮಲ್ಲೇಶನ ಕಡೆ ನೋಡಿದಳು. ಮಲ್ಲೇಶ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ.

"ಹುಚ್ಚಿ ಅಂತ ಬರಿ," ಎಂದಳು ಚನ್ನವೀರಮ್ಮ.

ಶಿವಕಾಂತ ಅದನ್ನೂ ಬರೆದ. ಚಿನ್ನಿ, ಪುಟ್ಟಿ, ಬಂಗಾರಿ ಎಂದೂ ಬರೆದ. ಕಂಪ್ಯೂಟರ್ ಯಾವುದಕ್ಕೂ ಬಗ್ಗಲಿಲ್ಲ. ದಾಮರಗಿದ್ದಕ್ಕೆ ಫೋನ್ ಮಾಡೋಣವೆಂದರೆ, ಹಾಗೆ ಕರೆಯುತ್ತಿದ್ದವಳು ಅವಳ ಅವ್ವ ಒಬ್ಬಳೇ. ತೀರಿಹೋಗಿ ಆರು ವರ್ಷವಾಗಿತ್ತು. ಉಮಾಶ್ರೀಗೆ ನಗು ಬಂತು. ಬೆನ್ನಿಗೇ ಸಂಕಟವೂ ಬಂತು. ಈ ಮನೆಯವರು ತನ್ನ ಮುದ್ದಿನ ಹೆಸರನ್ನೂ ತಿಳಿದುಕೊಂಡಿಲ್ಲವೆಂದೇ ತಾನು ಇವತ್ತು ಉಳಿದುಕೊಂಡೆ ಎಂಬುದು ಸಣ್ಣ ಅವಮಾನವಲ್ಲ.

ಸ್ವಲ್ಪ ಹೊತ್ತಿಗೆ ಮಲ್ಲೇಶ ಅಡುಗೆಮನೆಗೆ ಬಂದ. ರೊಟ್ಟಿ ತಟ್ಟುತ್ತಿದ್ದವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮದುವೆಯಾದ ಹೊಸದರಲ್ಲೂ ಆಡದಷ್ಟು ಮೆತ್ತಗಿನ ದನಿಯಲ್ಲಿ ಕೇಳಿದ:

"ನಿಮ್ಮವ್ವ ನಿನಗ ಏನಂತ ಕರೀತಿದ್ಲು ಉಮಾ?"

ಈ ಮಾತಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳು! ಅವ್ವ ಸತ್ತ ದಿನ ಕೇಳಿದ್ದರೂ ಅವನ ಎದೆಗೆ ಒರಗಿ ಹೇಳಿಬಿಡುತ್ತಿದ್ದಳು. ಹೆಸರು ನಾಲಗೆಯ ತುದಿಗೆ ಬಂತು. ನಡುಮನೆಯಲ್ಲಿ ಶಿವಕಾಂತನ ಕುರ್ಚಿ ಇನ್ನೂ ಕಿರುಗುಟ್ಟುತ್ತಿತ್ತು.

"ನೆನಪಿಲ್ರಿ," ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.