ಮುಚ್ಚಿದ ದಿಕ್ಕು

ಫೋನನ್ನು ಮಡಿಲಲ್ಲಿಟ್ಟುಕೊಂಡು ಪಿಚ್ಚೈಯಮ್ಮಾಳ್ ಜಗಲಿಯ ಮೇಲೆ ಕೂತೇ ಇದ್ದಳು. ಬೀದಿದೀಪ ಹತ್ತಿತ್ತು. ಗುಡ್ಡದ ಮೇಲಿಂದ ಗಂಡನ ಕರೆ ಬಂದಿರಲಿಲ್ಲ. ಒಳಗಿಂದ ಮೊಮ್ಮಗಳು ಮಣಿಮೇಗಲೈ ಊಟಕ್ಕೆ ಕರೆದರೆ ಹಸಿವಿಲ್ಲವೆಂದಳು. ಎಂಥ ಜ್ವರ ಬಂದರೂ ಊಟ ಬಿಡದ ಹೆಂಗಸು ಅದು.

ಗಂಡ ಕರುಪ್ಪಸಾಮಿ ಕುಲದೇವರ ದನ ಕಾಯುವವನು. ಆ ಹಿಂಡಿನ ಹಾಲು ಮಾರುವಂತಿಲ್ಲ, ಕೊರಳಿಗೆ ನೊಗ ಹೂಡುವಂತಿಲ್ಲ. ಮೇವಿನ ಕಾಲದಲ್ಲಿ ಅವನ್ನು ಬೋಡಿಮೆಟ್ಟಿನ ಕೆಳಗಿನ ಇಳಿಜಾರಿಗೆ ಹೊಡೆದುಕೊಂಡು ಹೋದನೆಂದರೆ ಕಾಲ ಮುಗಿದ ಮೇಲೆ ಹಿಂಡಿನೊಂದಿಗೇ ಇಳಿಯಬೇಕು. ಅವನ ಅಪ್ಪನೂ ಅದನ್ನೇ ಮಾಡಿದವನು. ಬೇರೆ ಕೆಲಸವೊಂದು ಲೋಕದಲ್ಲಿದೆ ಎಂದು ಕರುಪ್ಪಸಾಮಿ ಯಾವತ್ತೂ ನಂಬಿದ್ದಿಲ್ಲ. ಸಂಜೆ ದನ ದೊಡ್ಡಿಗೆ ಬರುವ ಹೊತ್ತಿಗೆ ದೊಡ್ಡಿ ಬಾಗಿಲ ಬಂಡೆ ಹತ್ತಿ ಹೆಂಡತಿಗೆ ಫೋನ್ ಮಾಡುವುದು ಅವನ ರೂಢಿ. ಈ ವಯಸ್ಸಿನಲ್ಲೂ ಅದೇನು ಮಾತೋ ಎಂದು ಬೀದಿಯವರೆಲ್ಲ ನಗುತ್ತಿದ್ದರು.

ಮಣಿಮೇಗಲೈ ತಟ್ಟೆ ಹಿಡಿದು ಹೊರಗೆ ಬಂದವಳು ಅಜ್ಜಿಯ ಮುಖ ನೋಡಿ ನಿಂತಳು. ಅವಳಿಗೆ ಆಗ ಹೊಳೆಯಿತು. ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು.

ಅವಳು ತೇನಿಯಲ್ಲಿ ಮೊಬೈಲ್ ಕಂಪನಿಯೊಂದರ ಎಂಜಿನಿಯರ್. ಟವರುಗಳು ಸರಿಯಾಗಿ ಮಾತಾಡುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಟವರ್ ಎಂಬುದು ಎಲ್ಲ ಕಡೆಗೂ ಒಂದೇ ಸಮ ಅಲೆ ಚೆಲ್ಲುವುದಿಲ್ಲ, ಟಾರ್ಚಿನ ಹಾಗೆ ಬೇಕಾದ ಕಡೆಗೆ ಬೀರುತ್ತದೆ. ದಿಕ್ಕುಗಳ ಒಂದು ಪಟ್ಟಿ ಇರುತ್ತದೆ. ತನಗೆ ಯಾವುದು ಅನುಕೂಲವೆಂದು ಫೋನೇ ಆರಿಸಿ ಕೇಳುತ್ತದೆ. ಊರಾಚೆಯ ಟವರಿನ ಮೇಲ್ಮುಖದ ದಿಕ್ಕುಗಳು ಗುಡ್ಡ ದಾಟಿ, ಆಚೆ ಏಲಕ್ಕಿ ತೋಟದವರ ಟವರಿಗೆ ಅಡ್ಡ ಬರುತ್ತಿದ್ದವು. ಸಂಜೆಯಾದರೆ ಅಲ್ಲಿನವರ ಮಾತು ತುಂಡಾಗುತ್ತಿತ್ತು. ಹೆರಿಗೆ ನೋವೆದ್ದ ಹೆಂಗಸಿಗೆ ಜೀಪು ಕರೆಯಲಾಗದೆ ಒದ್ದಾಡಿದ್ದರು. ಕಾಡಿನ ಕಡೆ ಯಾರಿದ್ದಾರೆ ಎಂದುಕೊಂಡು ಮಣಿಮೇಗಲೈ ಅವತ್ತು ಮಧ್ಯಾಹ್ನ ಆ ದಿಕ್ಕುಗಳನ್ನು ಪಟ್ಟಿಯಿಂದ ತೆಗೆದುಹಾಕಿ, ನೆಮ್ಮದಿಯಿಂದ ಊರ ಬಸ್ಸು ಹತ್ತಿದ್ದಳು. ಸಂಜೆ ಸಂಜೆ ಆ ದಿಕ್ಕನ್ನು ಕೇಳುತ್ತಿದ್ದ ಫೋನು ತಾತನದು. ಯಂತ್ರದ ಲೆಕ್ಕದಲ್ಲಿ ಯಾರ ಹೆಸರೂ ಇರುವುದಿಲ್ಲ.

ತಪ್ಪು ನನ್ನದೇ ಎಂದು ಅವಳು ತಮಿಳಿನಲ್ಲೇ ಎಲ್ಲ ಹೇಳಿದಳು. ತಲೆಮಾರುಗಳ ಹಿಂದೆ ತಮಿಳು ಸೀಮೆಗೆ ಬಂದ ಈ ಕುಲದ ಮನೆಮಾತು ಕನ್ನಡ ಅವಳಿಗೆ ಕಿವಿಗೆ ಬರುವಷ್ಟು ಬಾಯಿಗೆ ಬರದು. ತಾತನಿಗೆ ಏನೂ ಆಗಿರುವುದಿಲ್ಲ, ಒಂದು ದಿನ ಮಾತಾಡದಿದ್ದರೆ ಏನು ಎಂದೂ ಸೇರಿಸಿದಳು. ಅಜ್ಜಿ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದಳು.

"ನಿಮ್ ತಾತಂಗೆ ಗಂಟೆ ಸದ್ದು ಕೇಳಾದಿಲ್ಲ, ನನ್ ಕಣ್ಣು. ಕಿವಿಗೆ ಒತ್ತಿ ಹಿಡುದ್ರೆ ಫೋನಾಗೆ ನನ್ ಮಾತು ಕೇಳ್ತೈತೆ, ಅಷ್ಟೇ. ಅವ್ರು ದೊಡ್ಡಿ ಬಾಗ್ಲಾಗೆ ಫೋನ್ ಹಿಡೀತಾರೆ. ಗಂಟೆ ಕೇಳಿ, ಯಾವ ಮಾಡು, ಯಾವ ಹಸ ಬರ್ಲಿಲ್ಲ ಅಂತ ನಾನ್ ಹೇಳ್ತೀನಿ."

ಪ್ರತಿ ಹಸುವಿನ ಕೊರಳ ಗಂಟೆಯ ದನಿ ಬೇರೆ. ಅವೆಲ್ಲ ಅವಳಿಗೆ ಗೊತ್ತು. ಕಿವುಡನೆಂದು ತಿಳಿದರೆ ಹಿರಿಯರು ಹಿಂಡನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ, ಆಮೇಲೆ ಆ ಮನುಷ್ಯ ಬದುಕುವುದಿಲ್ಲ ಎಂದು ಅವಳ ಹೆದರಿಕೆ.

ಮಣಿಮೇಗಲೈಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಈಗಲೇ ಆ ದಿಕ್ಕನ್ನು ತೆರೆದುಬಿಡುತ್ತೇನೆಂದು ಲ್ಯಾಪ್‌ಟಾಪ್ ತರಲು ಎದ್ದಳು. ಅಜ್ಜಿ ಅವಳ ಕೈ ಹಿಡಿದು ಕೂರಿಸಿ, ಆ ಬಸುರಿ ಹೆಂಗಸು ಏನಾದಳೆಂದು ಕೇಳಿದಳು. ತಾಯಿ ಮಗು ಹೇಗೋ ಉಳಿದರಂತೆ ಎಂದಳು ಮಣಿಮೇಗಲೈ. ಮುದುಕಿ ಫೋನನ್ನು ಸೆರಗಿನಿಂದ ಒರೆಸಿದಳು.

"ಮುಚ್ಚಿದ್ದು ಮುಚ್ಚಿದಂಗೇ ಇರ್ಲಿ. ಅಲ್ಲೂ ಮಕ್ಳು ಪುಳ್ಳೆಗ್ಳು ಇದಾವಲ್ಲ."

ಬೆಳಿಗ್ಗೆ ಗುಡ್ಡ ಹತ್ತಿ ತಾತನಿಗೆ ಹೇಳಿಬರುತ್ತೇನೆಂದು ಮಣಿಮೇಗಲೈ ಮಲಗಿದಳು. ಹತ್ತುವ ಪ್ರಮೇಯವೇ ಬರಲಿಲ್ಲ. ಅವಳು ಕಾಫಿ ಕಾಸುತ್ತಿದ್ದಾಗ ಬೀದಿಯ ತುಂಬ ಗಂಟೆಗಳ ಸದ್ದಾಯಿತು. ಒಂದು ಸಂಜೆ ಹೆಂಡತಿಯ ದನಿ ಕೇಳದ ಕರುಪ್ಪಸಾಮಿ, ಅವಳಿಗೆ ಏನೋ ಆಗಿದೆಯೆಂದು ಹೆದರಿ, ಹಿಂಡನ್ನು ಬಿಟ್ಟು ಬರಲಾರದೆ, ಪೂರ್ತಿ ಬೆಳಕಾಗುವ ಮುಂಚೆಯೇ ಇಡೀ ಹಿಂಡನ್ನು ಹೊಡೆದುಕೊಂಡು ಇಳಿದುಬಿಟ್ಟಿದ್ದ.

ಹೆಂಡತಿ ಜಗಲಿಯ ಮೇಲೆ ಜೀವಂತ ಕೂತಿರುವುದನ್ನು ಕಂಡು ಅವನು ಬೀದಿಯ ನಡುವೆಯೇ ನಿಂತ. ಕೋಲನ್ನು ನೆಲಕ್ಕೂರಿದ. ಅಷ್ಟರಲ್ಲಿ ಕುಲದ ಹಿರಿಯ ಮಾರಿಮುತ್ತು ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಳ್ಳುತ್ತ ಬಂದ. ಕಾಲವಲ್ಲದ ಕಾಲದಲ್ಲಿ ದೇವರ ದನ ಯಾಕೆ ಇಳಿಯಿತೆಂದು ಕೇಳಿದ. ಕರುಪ್ಪಸಾಮಿ ಅವನ ತುಟಿ ನೋಡಿ ತಲೆಯಾಡಿಸಿದ. ಎಲ್ಲ ಬಂದವೇ ಎಂದದ್ದಕ್ಕೂ ತಲೆಯಾಡಿಸಿದ.

ಪಿಚ್ಚೈಯಮ್ಮಾಳ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಕೊನೆಯ ಹಸು ಮನೆ ದಾಟಿತು. ಅವಳು ಕಣ್ಣು ತೆರೆದು ಮೊದಲು ಮಾರಿಮುತ್ತುವನ್ನು ನೋಡಿದಳು, ಆಮೇಲೆ ಗಂಡನನ್ನು. ಆಮೇಲೆ ಮಡಿಲ ಫೋನೆತ್ತಿ ಗುಂಡಿ ಒತ್ತಿದಳು. ನಾಲ್ಕು ಮಾರು ದೂರದಲ್ಲಿ ಕರುಪ್ಪಸಾಮಿಯ ಜೇಬು ಅದುರಿತು. ಅವನು ಅದನ್ನು ತೆಗೆದು ಕಿವಿಗೆ ಒತ್ತಿಕೊಂಡ.

"ಮಚ್ಚೆ ಬರ್ಲಿಲ್ಲ ನೋಡ್ರಿ," ಎಂದಳು. "ಗಬ್ಬದ ಹಸ. ಹಿಂದೇನೆ ಉಳ್ಕೊಂಡೈತೆ."

ಅವನು ಯಾರನ್ನೂ ನೋಡಲಿಲ್ಲ. ಫೋನು ಕಿವಿಯಲ್ಲೇ ಇರುವಂತೆ ತಿರುಗಿ ಬಂದ ದಾರಿಯಲ್ಲೇ ಹೊರಟ. ಮಾರಿಮುತ್ತು ಹೋಗುವವನ ಬೆನ್ನನ್ನೂ ಮುದುಕಿಯ ಕೈಯ ಫೋನನ್ನೂ ನೋಡಿದ. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. ಮಣಿಮೇಗಲೈ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾಫಿ ಆರಿತು.

ಬೀದಿ ಖಾಲಿಯಾಯಿತು. ಫೋನಿನಲ್ಲಿ ಅವನ ಹೆಜ್ಜೆ, ಏದುಸಿರು, ಒಂದು ಕಾಗೆ. ಮಾರಿಮುತ್ತು ಟವೆಲ್ಲಿನಿಂದ ಜಗಲಿಯ ಧೂಳು ಕೊಡವಿ ಪಿಚ್ಚೈಯಮ್ಮಾಳ ಪಕ್ಕ ಕೂತ. ಅವಳು ಫೋನನ್ನು ಇಬ್ಬರ ನಡುವೆ ಹಿಡಿದಳು. ಮಚ್ಚೆಯ ಗಂಟೆ ಕೇಳೀತೇ ಎಂದು ಅವನು ಅತ್ತ ಕಿವಿ ಬಾಗಿಸಿದ.