ಮೂರನೆಯ ರವಿವಾರ

ಸಭಾಪಾಲಕರು ಪ್ರಕಟಣೆಯ ಪುಸ್ತಕ ತೆರೆದಾಗ ಕಾವೇರಿಬಾಯಿ ಬೆಂಚಿನ ತುದಿಗೆ ಸರಿದಳು. ಮಗ ಶಶಿಕಾಂತನ ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಮೂರು ರವಿವಾರ ಓದಿ ಹೇಳಬೇಕು. ಅಡ್ಡಿ ಇದ್ದವರು ಎದ್ದು ನಿಲ್ಲಬೇಕು. ಎರಡು ರವಿವಾರ ಯಾರೂ ಎದ್ದಿರಲಿಲ್ಲ. ಇದೇ ಕೊನೆಯದು.

ಅವಳ ಕಣ್ಣು ಹಾಡುವವರ ಸಾಲಿನಲ್ಲಿದ್ದ ವಿನೋದನ ಮೇಲೆಯೇ ಇತ್ತು. ಮಗನ ಗೆಳೆಯನೆಂದು ಆರು ವರ್ಷ ಅವಳ ಕೈಯ ರೊಟ್ಟಿ ತಿಂದ ಹುಡುಗ. "ಅವ್ವಾ, ನನಗ ಹೆಣ್ಣಿನ ಮ್ಯಾಲೆ ಮನಸ್ಸು ಬರೂದಿಲ್ಲ. ವಿನೋದನ ನನಗ ಎಲ್ಲಾ," ಎಂದು ತೊಂಬತ್ತಾರರ ಕ್ರಿಸ್‌ಮಸ್ ಮುಗಿದ ವಾರ ಮಗ ಹೇಳಿದ್ದ. ಅವಳು ಓಡಿದ್ದು ಸಭಾಪಾಲಕರ ಬಳಿಗೆ. ಅವರು ಬೈಬಲ್ ತೆರೆದು ಇದು ಪಾಪವೆಂದು ತೋರಿಸಿದರು. ಆಮೇಲೆ ಅದನ್ನು ಮುಚ್ಚಿಟ್ಟು, ದನಿ ತಗ್ಗಿಸಿ, "ಲಗೂನ ಮದುವಿ ಮಾಡ್ರಿ. ಹೆಂಡ್ತಿ ಬಂದ್ರ ಹಾದಿಗೆ ಬರ್ತಾನ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಎಂದರು. ಅವಳು ಊಟ ಬಿಟ್ಟು ಮಲಗಿದಳು. ನಾಲ್ಕನೆಯ ದಿನ ಶಶಿಕಾಂತ ಹೂಂ ಅಂದ.

ಹುಡುಗಿ ಸ್ನೇಹಲ್ ಧಾರವಾಡದವಳು, ಶಾಲೆಯ ಟೀಚರು. ಇವತ್ತು ತಾನಾಗಿಯೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು ಅತ್ತೆಯಾಗುವವಳ ಪಕ್ಕದಲ್ಲಿ ಕೂತಿದ್ದಳು. ಆರಾಧನೆ ಶುರುವಾಗುವ ಮೊದಲು ಪಿಸುಗುಟ್ಟಿದ್ದಳು: "ನಿಮ್ಮ ಮಗ ಭಾಳ ಕಮ್ಮಿ ಮಾತಿನವರೇನ್ರಿ, ಅತ್ತೀ? ನಾ ನಾಕು ಕಾಗದ ಬರದ್ರ ಒಂದ ಸಾಲು ಬರದಾರ, 'ಆರಾಮ ಇದ್ದೇನಿ' ಅಂತ. ತಾರ ಕೊಟ್ಟಂಗ."

ಸಭಾಪಾಲಕರು ಇಬ್ಬರ ಹೆಸರನ್ನೂ ಓದಿ, "ಈ ವಿವಾಹಕ್ಕೆ ಅಡ್ಡಿಯೇನಾದರೂ ಗೊತ್ತಿದ್ದವರು ಈಗಲೇ ತಿಳಿಸಬೇಕು," ಎಂದರು. ವಿನೋದ ತಲೆ ಎತ್ತಲಿಲ್ಲ. ಗಂಡಸರ ಬದಿಯಲ್ಲಿ ಶಶಿಕಾಂತ ನೆಲ ನೋಡುತ್ತಿದ್ದ. ಹಿಂದಿನ ಎರಡು ವಾರ ಈ ಮಾತಾದ ಮೇಲೆ ಸಭಾಪಾಲಕರು ಎಲ್ಲರ ಕಡೆಗೂ ನೋಡಿದ್ದರು. ಇಂದು ಅವಳೊಬ್ಬಳನ್ನೇ ನೋಡಿ, ತಟ್ಟನೆ ಪುಸ್ತಕ ಮುಚ್ಚಿ ಕೀರ್ತನೆಯ ಸಂಖ್ಯೆ ಹೇಳಿದರು.

ಎಲ್ಲರೂ ಎದ್ದರು. ಅತ್ತೆಗೆ ಸಣ್ಣ ಅಕ್ಷರ ಕಾಣದೆಂದು ಸ್ನೇಹಲ್ ಪುಸ್ತಕವನ್ನು ಹತ್ತಿರ ಹಿಡಿದು ಸಾಲುಗಳ ಕೆಳಗೆ ಬೆರಳು ಸರಿಸುತ್ತ ಹಾಡಿದಳು. ಉಗುರಿನ ಸಂದಿಯಲ್ಲಿ ನಿನ್ನೆಯ ಸೀಮೆಸುಣ್ಣ ಉಳಿದಿದ್ದ ಬೆರಳು. ಕಾವೇರಿಬಾಯಿ ಆ ಬೆರಳನ್ನೇ ನೋಡುತ್ತಿದ್ದಳು. ವಿನೋದನಿಗೆ ಗೊತ್ತಿದ್ದ ಅಡ್ಡಿ ತನಗೂ ಗೊತ್ತಿತ್ತು.

ಕೀರ್ತನೆ ಮುಗಿಯಿತು. ಬೆಂಚುಗಳು ಕಿರುಗುಟ್ಟಿದವು, ಎಲ್ಲರೂ ಕೂತರು.

"ಕೂಡ್ರಿ, ಅತ್ತೀ," ಸ್ನೇಹಲ್ ಸೆರಗು ಜಗ್ಗಿದಳು.

ಸಭಾಪಾಲಕರೂ ಕೂಡಲು ಕೈಸನ್ನೆ ಮಾಡಿದರು, ಒಮ್ಮೆ, ಮತ್ತೊಮ್ಮೆ. ಕಾವೇರಿಬಾಯಿ ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಿಂತೇ ಇದ್ದಳು. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು, ಆಮೇಲೆ ಗಂಡಸರು. ಎಲ್ಲರಿಗಿಂತ ಕೊನೆಗೆ ಶಶಿಕಾಂತ.